ಸನ್ಮಾನಕ್ಕೆ ಸಲ್ಲುವವಳು

ನನ್ನ ತಂಗಿಯ ಗಂಡ ಸೈನ್ಯದಲ್ಲಿದ್ದ. ಗಡಿಯಲ್ಲಿ ತೀರಿಕೊಂಡ. ಆಮೇಲೆ ಅವಳಿಗೆ ಹೊದಿಸಿದ ಶಾಲುಗಳನ್ನು ಒಂದರ ಮೇಲೊಂದು ಹಾಸಿದರೆ ಒಳ್ಳೆಯ ಹಾಸಿಗೆಯಾದೀತು. ಬೇಕಿದ್ದದ್ದು ಶಾಲಲ್ಲ, ಡೊಂಬಿವಲಿಯಲ್ಲಿ ಒಂದು ಬಾಡಿಗೆ ಮನೆ.

ಅವಳಿರುವುದು ಬದಲಾಪುರದಲ್ಲಿ, ಕೆಲಸ ಥಾಣೆಯ ಒಂದು ಆಫೀಸಿನಲ್ಲಿ. ಲೋಕಲ್ ಗಾಡಿಯಲ್ಲಿ ನುಗ್ಗಿ, ನಲುಗಿ ಮನೆ ಮುಟ್ಟುವ ಹೊತ್ತಿಗೆ ಮಗಳು ಪಕ್ಕದ ಮನೆಯವರ ಸೋಫಾದ ಮೇಲೆ ಯೂನಿಫಾರ್ಮಿನಲ್ಲೇ ನಿದ್ದೆ ಹೋಗಿರುತ್ತಾಳೆ. ನಾನಿರುವುದು ಈ ಎರಡರ ನಡುವಿನ ಡೊಂಬಿವಲಿಯಲ್ಲಿ. ನನ್ನದೋ ಒಂದೇ ಕೋಣೆಯ ಮನೆ, ಅದರಲ್ಲಿ ಅತ್ತೆ, ಮಗ, ಸೊಸೆ. ಕಾಲು ಚಾಚಿದರೆ ಯಾರಿಗಾದರೂ ತಾಗುತ್ತದೆ. ಎದುರಿನ ಹೊಸ ಕಟ್ಟಡದಲ್ಲಿ ಮಾತ್ರ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಫ್ಲಾಟು ಖಾಲಿ ಬಿದ್ದಿತ್ತು. ಅದು ಸಿಕ್ಕಿದರೆ ಮಗು ಶಾಲೆಯಿಂದ ನೇರ ನನ್ನ ಮನೆಗೆ ಬರುತ್ತಿತ್ತು, ಬಿಸಿ ಅನ್ನ ಉಣ್ಣುತ್ತಿತ್ತು. ಕೇಳಿದಾಗಲೆಲ್ಲ ಅಧ್ಯಕ್ಷರದ್ದು ಒಂದೇ ಮಾತು: "ನೋಡುವ ಅಮ್ಮ, ಮನೆ ಹೊಸತಲ್ವಾ, ಸ್ವಲ್ಪ ತಡೀರಿ." ಅವರು ಥಾಣೆಯ ನೌಪಾಡಾದಲ್ಲಿ ಹೋಟೆಲು ಇಟ್ಟವರು. ಗಿರಾಕಿಯನ್ನು ಬರಿ ನಗುವಿನಲ್ಲೇ ಕಾಯಿಸುವ ಕಲೆ ಅವರಿಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಸಂಘದ ವಾರ್ಷಿಕೋತ್ಸವ ಬಂತು. ತಂಗಿಗೆ ಸನ್ಮಾನ, ಮೇಲಾಗಿ ದೀಪ ಬೆಳಗಿಸುವುದೂ ಅವಳೇ ಎಂದು ಆಮಂತ್ರಣ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು. ಅವಳಿಗೆ ಮನಸ್ಸಿರಲಿಲ್ಲ. ಮನೆಯ ವಿಷಯ ಕುದುರಲಿ ಎಂದು ಒಪ್ಪಿದಳು.

ನೌಪಾಡಾದ ಸಭಾಂಗಣದಲ್ಲಿ ಧ್ವನಿವರ್ಧಕ ದೇಶಭಕ್ತಿಗೀತೆಯನ್ನು ಕಿತ್ತು ತಿನ್ನುತ್ತಿತ್ತು. ಮುಖ್ಯ ಅತಿಥಿಗಳು ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ನಾವು ಕಾಯುತ್ತಿದ್ದಾಗ ಮಹಿಳಾ ವಿಭಾಗದವರಲ್ಲಿ ಗುಸುಗುಸು ಎದ್ದಿತು. ಕೊನೆಗೆ ಒಬ್ಬರು ನನ್ನನ್ನು ಮೂಲೆಗೆ ಕರೆದರು.

"ತಪ್ಪು ತಿಳ್ಕೊಬೇಡಿ ಮಾರಾಯ್ತಿ. ಮಂಗಳಕಾರ್ಯ ಅಲ್ವಾ ಇದು? ದೀಪ ಇವರ ಕೈಯಲ್ಲಿ ಹಚ್ಚಿಸೋದು ಅಂದ್ರೆ... ಜನ ಎಂತ ಹೇಳ್ತಾರೆ?"

ಆಮಂತ್ರಣ ಅಚ್ಚು ಹಾಕಿಸುವಾಗ ಇವರಿಗೆ ಅವಳು ಯೋಧನ ಹೆಂಡತಿ ಎಂಬುದಷ್ಟೇ ನೆನಪಿತ್ತು. ವಿಧವೆ ಎಂಬುದು ಹೊಳೆದದ್ದು ದೀಪಕ್ಕೆ ಎಣ್ಣೆ ಹೊಯ್ಯುವಾಗ. ಗಂಡ ಬದುಕಿದ್ದಿದ್ದರೆ ಇವಳನ್ನು ಇಲ್ಲಿಗೆ ಯಾರು ಕರೆಯುತ್ತಿದ್ದರು?

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಅಧ್ಯಕ್ಷರ ಹೆಂಡತಿ ಜರಿಸೀರೆ ಸರಿಮಾಡಿಕೊಂಡು ಬಂದು ಎಲ್ಲ ಬತ್ತಿಗಳನ್ನೂ ಹಚ್ಚಿದರು. ತಂಗಿ ಪಕ್ಕದಲ್ಲಿ ನಿಂತು ಕೈ ಚಾಚಬೇಕು, ಮುಟ್ಟಬಾರದು. "ಮುಟ್ಟಿದ ಹಾಗೆ ಮಾಡಿ ಸಾಕು, ಫೋಟೋದಲ್ಲಿ ಗೊತ್ತಾಗೋದಿಲ್ಲ" ಎಂದರು. ಫೋಟೋದವನಿಗೆ ಇದೊಂದೂ ತಿಳಿಯದು. ಅವನು "ಮ್ಯಾಡಮ್, ಥೋಡಾ ಪುಢೇ ಯಾ" ಎಂದು ಅವಳನ್ನು ಮುಂದಕ್ಕೆ ಕರೆದಷ್ಟೂ ಇವರು ಅವಳ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಕೆಳಗೆ ಸಭಿಕರ ನಡುವೆ ಕೂತಿದ್ದ ನಾನು ಕುರ್ಚಿ ಬಿಟ್ಟು ಎದ್ದೆ. ತಂಗಿ ವೇದಿಕೆಯಿಂದಲೇ ಕಣ್ಣಲ್ಲಿ ಬೇಡ ಎಂದಳು. ಮನೆಯ ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿತ್ತಲ್ಲ.

ಆಮೇಲೆ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೊಂದು ಸ್ಮರಣಿಕೆ. ಅಧ್ಯಕ್ಷರು ಗದ್ಗದಿತರಾದರು. "ಇವರು ನಮ್ಮ ಮನೆಮಗಳು. ಯಾವ ಸಹಾಯ ಬೇಕಿದ್ದರೂ ನಮ್ಮ ಬಾಗಿಲು ಸದಾ ತೆರೆದಿದೆ" ಎಂದು ಮೈಕನ್ನು ಅವಳ ಕೈಗೆ ಕೊಟ್ಟರು. ಎರಡು ಮಾತಾಡಿ, ಅತ್ತು, ಕೈಮುಗಿದು ಕೂರುತ್ತಾಳೆ ಎಂದುಕೊಂಡಿರಬೇಕು.

"ಅಣ್ಣ, ಡೊಂಬಿವಲಿಯ ನಿಮ್ಮ ಮನೆ ನನಗೆ ಬಾಡಿಗೆಗೆ ಕೊಡಿ" ಎಂದಳು ತಂಗಿ. "ಮಗಳನ್ನು ಅಕ್ಕನ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ಬಹುದು. ನನಗೆ ಬೇರೆ ಎಂತದೂ ಬೇಡ."

ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಏನೂ ತೋಚದೆ ಚಪ್ಪಾಳೆ ತಟ್ಟಿದರು, ಹಿಂದೆಯೇ ಎಲ್ಲರೂ ತಟ್ಟಿದರು. ನಿರೂಪಕಿ ಕಣ್ಣೊರೆಸಿಕೊಂಡು, "ಎಂಥ ಹೃದಯಸ್ಪರ್ಶಿ ಮಾತುಗಳು!" ಎಂದು ಮಕ್ಕಳ ನೃತ್ಯವನ್ನು ಕರೆದಳು. ಅಧ್ಯಕ್ಷರು ನಗುತ್ತಲೇ, "ಕೊಡುವ ಅಮ್ಮ, ಖಂಡಿತ ಕೊಡುವ" ಎಂದರು. ಊಟದ ಸಾಲಿನಲ್ಲಿ ಜಿಲೇಬಿ ತಟ್ಟೆ ಹಿಡಿದವರೆಲ್ಲ ಅವಳ ಜೊತೆ ಸೆಲ್ಫಿ ತೆಗೆದುಕೊಂಡರು. ಮನೆಯ ಮಾತೆತ್ತಿದವರು ಒಬ್ಬರೂ ಇಲ್ಲ.

ಆದರೂ ನಾವು ನಂಬಿದೆವು. ಅಷ್ಟು ಜನರೆದುರು ಆಡಿದ ಮಾತಲ್ಲವೇ. ಮಗಳ ಓದುವ ಮೇಜನ್ನು ಯಾವ ಕಿಟಕಿಯ ಕೆಳಗೆ ಇಡುವುದು ಎಂದು ತಂಗಿ ಗಾಡಿಯಲ್ಲಿ ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು. ಅವಳು ಹಾಗೆ ಬಾಯಿತುಂಬ ಮಾತಾಡಿ ಎಷ್ಟೋ ಕಾಲವಾಗಿತ್ತು.

ಮುಂದಿನ ಭಾನುವಾರ ಅವಳೂ ಮಗಳೂ ನಮ್ಮ ಮನೆಯಲ್ಲಿದ್ದಾಗಲೇ ಅಧ್ಯಕ್ಷರ ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಮಾತು ಅಂದ್ರೆ ಮಾತು, ಮನೆ ಕೊಡುವ" ಎಂದರು. "ಆದ್ರೆ ಒಂದು ಉಂಟು. ಹೊಸ ಮನೆಯಲ್ಲಿ ಇನ್ನೂ ಯಾರೂ ಹಾಲುಕ್ಕಿಸಿಲ್ಲ. ಮೊದಲು ಒಂದು ಗಂಡ ಹೆಂಡತಿ ಬಂದು ಒಂದು ವರ್ಷ ಇರ್ಲಿ. ಆಮೇಲೆ ಇವರು ಬರ್ಲಿ. ನಾನು ಇದನ್ನೆಲ್ಲ ನಂಬೋನಲ್ಲ, ನಮ್ಮ ಮನೆಯವಳಿಗೆ ಸ್ವಲ್ಪ ಹಾಗೆ."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಅದು ಹೊರಬೀಳುವ ಮೊದಲೇ ತಂಗಿ ಫೋನು ಕಸಿದುಕೊಂಡಳು.

"ನಿಮ್ಮ ಮನೆ ನಮಗೆ ಬೇಡ ಅಣ್ಣ. ಇನ್ನು ಮೇಲೆ ನಮ್ಮವರ ಹೆಸರನ್ನು ನಿಮ್ಮ ಸ್ಟೇಜಿನಲ್ಲಿ ಎತ್ತಬೇಡಿ. ಅಷ್ಟು ಮಾಡಿ ಸಾಕು."

ಅಧ್ಯಕ್ಷರು ನಿಜವಾಗಿಯೂ ಕಳವಳಗೊಂಡವರಂತೆ ಕೇಳಿದರು: "ಹಾಗೆ ಹೇಳಿದ್ರೆ ಹೇಗಮ್ಮ? ಸ್ವಾತಂತ್ರ್ಯ ದಿನದ ಬ್ಯಾನರ್ ಪ್ರಿಂಟಿಗೆ ಹೋಗಿ ಆಯ್ತಲ್ಲ. ನಿಮ್ಮ ಮನೆಯವರದ್ದೇ ಫೋಟೋ ಉಂಟು ಅದ್ರಲ್ಲಿ."

ತಂಗಿ ಫೋನನ್ನು ನನ್ನ ಕೈಗೆ ಕೊಟ್ಟು ಮಗಳ ಚಪ್ಪಲಿ ಹುಡುಕತೊಡಗಿದಳು. ಬದಲಾಪುರದ ಗಾಡಿಗೆ ಹೊತ್ತಾಗಿತ್ತು.