ನೂರಿಪ್ಪತ್ತು ಸೈಜಿನ ಸೋಮವಾರ

ನನ್ನ ಹೆಂಡತಿ ಕೂತಲ್ಲಿ ಕೂರುವವಳಲ್ಲ. ಹಾಲು ಕಾಯಲು ಇಟ್ಟರೆ ಅದು ಬಿಸಿಯಾಗುವ ಮೊದಲೇ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತಾಳೆ. ಬಸ್ ಸ್ಟಾಪಿನಲ್ಲಿ ಎರಡು ನಿಮಿಷ ನಿಂತರೆ ಹೆಚ್ಚು; ಮುಂದಿನ ಸ್ಟಾಪಿಗೆ ನಡೆದೇ ಹೋಗೋಣ ಅಂತ ಹೊರಟು, ಎರಡರ ನಡುವೆ ಇರುವಾಗ ಬಸ್ಸು ಪಕ್ಕದಲ್ಲೇ ಹೋಗುವುದನ್ನು ನೋಡಿ ಕೈಕೈ ಹಿಸುಕಿಕೊಳ್ಳುತ್ತಾಳೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಅವಳು ಪೂರ್ತಿ ಕೂತು ಊಟ ಮುಗಿಸಿದ್ದನ್ನು ನಾನು ನೋಡಿರುವುದು ಬೆರಳೆಣಿಕೆಯಷ್ಟು ಸಲ. ಮನೆಯಲ್ಲಿ ಅವಳಿಗೆ ಪಾದರಸ ಅಂತಲೇ ಹೆಸರು. ಇಟ್ಟವರು ನಮ್ಮಪ್ಪ.

ಇಂಥವಳು ದಿನವಿಡೀ ಕುರ್ಚಿಗೆ ಅಂಟಿಕೊಳ್ಳುವ ಕೆಲಸಕ್ಕೆ ಹೇಗೆ ಬಂದಳೋ ದೇವರಿಗೇ ಗೊತ್ತು. ಮೊದಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತಿದ್ದಳು. ಪ್ರೆಸ್ಸು ಮುಚ್ಚಿತು. ನಲವತ್ತು ದಾಟಿದ ಮೇಲೆ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ವೆಬ್‌ಸೈಟ್ ಮಾಡುವುದನ್ನು ಕಲಿತಳು. ಈಗ ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ವೆಬ್‌ಸೈಟ್ ನೋಡಿಕೊಳ್ಳುತ್ತಾಳೆ: ಒಂದು ಡ್ರೈವಿಂಗ್ ಸ್ಕೂಲಿನದು, ಒಂದು ಕುರ್ಚಿ ಮೇಜಿನ ಅಂಗಡಿಯದು, ಒಂದು ಕಿಡ್ನಿ ಆಸ್ಪತ್ರೆಯದು. ಮುಂದಿನ ಕೋಣೆಯಲ್ಲಿ ನನ್ನ ಟೈಲರ್ ಅಂಗಡಿ. ನಡುವೆ ಒಂದು ಪರದೆ ಮಾತ್ರ, ಆದ್ದರಿಂದ ಅವಳು ಗೊಣಗುವುದೆಲ್ಲ ನನಗೆ ಕೇಳುತ್ತದೆ.

ಅದೇ ಕಿಡ್ನಿ ಆಸ್ಪತ್ರೆಗೆ ನಮ್ಮಪ್ಪ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಅಲ್ಲಿ ಮಿಷನ್ನುಗಳು ಕಡಿಮೆ, ಯಾವುದಾದರೂ ಒಂದು ಕೆಟ್ಟೇ ಇರುತ್ತದೆ. ಹಾಗಾಗಿ ಯಾರ ಸರದಿ ಎಷ್ಟು ಗಂಟೆಗೆ, ಎಷ್ಟನೇ ಮಿಷನ್ನು ಅನ್ನುವುದು ವಾರವಾರ ಬದಲಾಗುತ್ತದೆ. ಶನಿವಾರ ಬೆಳಗ್ಗೆ ಪಟ್ಟಿ ವೆಬ್‌ಸೈಟಿನಲ್ಲಿ ಬರುತ್ತದೆ. ಅಪ್ಪ ಅದನ್ನು ತಮ್ಮ ಹಳೇ ಫೋನಿನಲ್ಲಿ ತಾವೇ ನೋಡಿ, ತಾವೇ ಆಸ್ಪತ್ರೆಯ ವ್ಯಾನು ಹತ್ತಿ ಹೋಗುತ್ತಾರೆ. ನಾವು ಓದಿ ಹೇಳಲು ಹೋದರೆ ರೇಗುತ್ತಾರೆ. ಮೂವತ್ತಮೂರು ವರ್ಷ ಬಸ್ಸು ಓಡಿಸಿದವರು. ಎದುರಿಗೆ ಬರುವ ಬಸ್ಸಿನ ಬೋರ್ಡನ್ನು ಕಂಡಕ್ಟರಿಗಿಂತ ಮೊದಲು ಓದುತ್ತಿದ್ದೆ ಎಂದು ಈಗಲೂ ಹೇಳಿಕೊಳ್ಳುತ್ತಾರೆ.

ಹೋದ ಸೋಮವಾರ ಆರು ಗಂಟೆಯ ಸರದಿಗೆ ಎಂಟು ಗಂಟೆಗೆ ಹೋದರು. ಆರನ್ನು ಎಂಟು ಅಂತ ಓದಿಕೊಂಡಿದ್ದರು. ಅಷ್ಟರಲ್ಲಿ ಅವರ ಮಿಷನ್ನು ಬೇರೆಯವರಿಗೆ ಹೋಗಿತ್ತು, ಇನ್ನೊಂದು ಖಾಲಿಯಾಗಿದ್ದು ಮಂಗಳವಾರ ಸಂಜೆ. ಆ ಒಂದೂವರೆ ದಿನ ನೆನೆಸಿಕೊಳ್ಳುವುದೂ ಬೇಡ. ಕಾಲು ದಿಂಬಿನ ಹಾಗೆ ಊದಿಕೊಂಡಿತು, ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ, ಕೂತೇ ಇದ್ದರು. ಇನ್ನೊಂದು ಸಲ ಹೀಗಾದರೆ ನಮ್ಮ ಕೈಮೀರುತ್ತದೆ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದರು. ಆಸ್ಪತ್ರೆಯ ಹೆಡ್ ಸಿಸ್ಟರ್ ಇನ್ನೊಂದು ಮಾತು ಸೇರಿಸಿದರು: "ಪುಟದಲ್ಲಿ ಅಕ್ಷರ ಇರುವೆ ಥರ ಇದೆ ಮೇಡಂ. ನಿಮ್ಮ ಮಾವ ಒಬ್ಬರೇ ಅಲ್ಲ, ಸುಮಾರು ಜನ ಹೇಳ್ತಿದ್ದಾರೆ."

ಆ ತೆಳ್ಳನೆಯ ಬೂದು ಅಕ್ಷರಗಳನ್ನು ಆರಿಸಿದವಳು ಇವಳೇ. ಚೆನ್ನಾಗಿ ಕಾಣುತ್ತದೆ ಅಂತ. ಆ ಮಾತು ಕೇಳಿದಾಗಿನಿಂದ ಮುಳ್ಳಿನ ಮೇಲೆ ಕೂತ ಹಾಗಿದ್ದಳು.

ಶನಿವಾರ ಬೆಳಗ್ಗೆ ಹೊಸ ಪಟ್ಟಿ ಬಂದಿತ್ತು. ಅಪ್ಪನ ಮುಂದಿನ ಸರದಿ ಸೋಮವಾರ. ಮಧ್ಯಾಹ್ನದೊಳಗೆ ಅಕ್ಷರ ದೊಡ್ಡದು ಮಾಡಿಕೊಡುತ್ತೇನೆ ಎಂದು ಸಿಸ್ಟರಿಗೆ ಮಾತು ಕೊಟ್ಟು ಇವಳು ಲ್ಯಾಪ್‌ಟಾಪ್ ತೆರೆದಳು. ಪುಟದ ಬಣ್ಣ, ಅಕ್ಷರದ ಗಾತ್ರ ಎಲ್ಲ ಸ್ಟೈಲ್‌ಶೀಟ್ ಅನ್ನುವ ಒಂದು ಫೈಲಿನಲ್ಲಿ ಇರುತ್ತದಂತೆ. ಹದಿನಾಲ್ಕು ಇದ್ದದ್ದನ್ನು ಇಪ್ಪತ್ತೆರಡು ಮಾಡಿ, ಫೈಲನ್ನು ವೆಬ್‌ಸೈಟಿಗೆ ಕಳಿಸಿ, ಪುಟ ತೆರೆದು ನೋಡಿದಳು. ಇರುವೆ ಇರುವೆಯಾಗಿಯೇ ಇತ್ತು.

"ಇಪ್ಪತ್ತೆರಡು ಕೊಟ್ಟಿದ್ದೀನಿ ಕಣ್ರೀ! ಒಂದು ಚೂರೂ ಅಲುಗಾಡಿಲ್ಲ."

"ರಿಫ್ರೆಶ್ ಮಾಡು," ಅಂದೆ. ಫೋನು ಮಾಡಿದವರಿಗೆಲ್ಲ ಅವಳು ಮೊದಲು ಹೇಳುವ ಮಾತು ಅದು. ನನಗೂ ಬಾಯಿಪಾಠವಾಗಿದೆ.

"ನನಗೇ ಹೇಳಿಕೊಡ್ತೀರಾ? ಪ್ಯಾಂಟಿನ ಜಿಪ್ಪು ನೋಡ್ಕೊಳ್ಳಿ ನೀವು."

ಮೂವತ್ತು ಮಾಡಿದಳು. ಹಾಗೇ ಇತ್ತು. ಎದ್ದು ಅಡುಗೆಮನೆಗೆ ಹೋಗಿ, ಏನೂ ಮಾಡದೆ ವಾಪಸು ಬಂದಳು. ತನ್ನ ಫೋನಿನಲ್ಲಿ ನೋಡಿದಳು, ಅಲ್ಲೂ ಹಾಗೇ. ಎಲ್ಲೋ ಒಂದು ಚುಕ್ಕಿ ಬಿಟ್ಟಿರಬೇಕು ಅಂತ ಫೈಲನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ಚುಕ್ಕಿ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಸಿಸ್ಟರ್ ಫೋನು ಮಾಡಿದರು. ಸ್ಪೀಕರಿನಲ್ಲಿ ನನಗೂ ಕೇಳಿತು.

"ಮೇಡಂ, ಪಟ್ಟಿ ಓದೋಕೆ ಕಷ್ಟ ಆಗ್ತಿದೆ ಅಂತಿದ್ದಾರೆ, ಏನಾದ್ರೂ ಮಾಡ್ತಿದ್ದೀರಾ?"

"ಮಾಡ್ತಾನೇ ಇದ್ದೀನಿ ಸಿಸ್ಟರ್, ಐದು ನಿಮಿಷ."

ಐದು ನಿಮಿಷದಲ್ಲಿ ಅಕ್ಷರ ಐವತ್ತಾಯಿತು. ಆಮೇಲೆ ತೊಂಬತ್ತು. ಫೈಲು ತಲುಪುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು, ಹಿನ್ನೆಲೆಯ ಬಣ್ಣವನ್ನು ಕಣ್ಣಿಗೆ ರಾಚುವ ಹಳದಿ ಮಾಡಿದಳು, ಅಕ್ಷರವನ್ನು ದಪ್ಪ ಕಪ್ಪು ಮಾಡಿದಳು. ಅವಳ ಲ್ಯಾಪ್‌ಟಾಪಿನ ಮೇಲೆ ಅದೇ ಬೂದು, ಅದೇ ಬಿಳಿ. ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಿಗೆ ನಾನು ಹೊಲಿಗೆ ನಿಲ್ಲಿಸಿ ಪರದೆ ಸರಿಸಿದೆ. ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. "ಸೋಮವಾರ ಮತ್ತೆ ತಪ್ಪಿದ್ರೆ ನಾನೇ ಕಾರಣ ರೀ," ಅಂದಳು. ಟೀ ಮಾಡಲಾ ಅಂದೆ, ಬೇಡ ಅಂದಳು. ಕೂತು ನೂರಿಪ್ಪತ್ತು ಅಂತ ಹೊಡೆದು ಕಳಿಸಿದಳು.

ಈ ಗಲಾಟೆಯ ನಡುವೆ ಅಪ್ಪ ತಮ್ಮ ಕೋಣೆಯಿಂದ ಹೊರಗೆ ಬಂದರು. ವಾರದಿಂದ ಸಪ್ಪಗಿದ್ದವರು, ಅವತ್ತು ಮುಖ ಅರಳಿತ್ತು. "ಸೋಮವಾರ, ಬೆಳಗ್ಗೆ ಆರು. ಮೂರನೇ ಮಿಷನ್ನು!" ಎಂದು ಬಸ್ಸಿನಲ್ಲಿ ಸ್ಟಾಪು ಕೂಗುವ ಹಾಗೆ ಕೂಗಿ, ನನ್ನ ಅಂಗಡಿಯ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ತಮ್ಮ ಶರ್ಟು ತೀಡಲು ನಿಂತರು. ಮೈಮೇಲಿದ್ದ ಇನ್ನೊಂದು ಶರ್ಟು, ನಾನೇ ಹೊಲಿದದ್ದು, ಭುಜದಿಂದ ಜಾರಿದ ಹಾಗೆ ಕೂತಿತ್ತು. ಒಗೆದು ಒಗೆದು ಬಟ್ಟೆ ಹಿಗ್ಗಿರಬೇಕು ಅಂದುಕೊಂಡೆ. "ಆಯ್ತು ಮಾವ," ಎಂದು ಇವಳು ತಲೆ ಎತ್ತದೆ ಹೇಳಿದಳು. ನಾವಿಬ್ಬರೂ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿಸ್ಟರ್ ಮತ್ತೆ ಫೋನು ಮಾಡಿದರು. ಈ ಸಲ ದನಿ ಏರಿತ್ತು.

"ಮೇಡಂ, ಏನು ಮಾಡಿಟ್ಟಿದ್ದೀರ? ಪುಟ ಪೂರ್ತಿ ಹಳದಿ. ಒಂದು ಸಲಕ್ಕೆ ಎರಡಕ್ಷರ ಕಾಣುತ್ತೆ. ಒಬ್ಬರ ಹೆಸರು ಓದಿ ಮುಗಿಸೋಕೆ ಮೂರು ಸಲ ಬೆರಳಲ್ಲಿ ತಳ್ಳಬೇಕು. ಬೆಳಗ್ಗೆಯಿಂದ ದೊಡ್ಡದು ಆಗ್ತಾನೇ ಇದೆ, ನಿಲ್ಸಿ ಅಂತ ಹೇಳೋಕೆ ಆವಾಗಿಂದ ಫೋನ್ ಮಾಡ್ತಿದ್ದೀನಿ!"

ಇವಳು ಎರಡೂ ಕೈಯಿಂದ ಹಣೆ ಹಣೆ ಚಚ್ಚಿಕೊಂಡಳು.

ಆದದ್ದು ಇಷ್ಟು. ಬ್ರೌಸರು ಒಂದು ಸಲ ತಂದ ಫೈಲನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಮುಂದಿನ ಸಲ ಅದನ್ನೇ ತೋರಿಸುತ್ತದಂತೆ, ಪ್ರತಿ ಸಲ ತರುವ ಶ್ರಮ ತಪ್ಪಲಿ ಅಂತ. ಕ್ಯಾಶ್ ಮೆಮೊರಿ ಅನ್ನುತ್ತಾರೆ. ಇವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಬೆಳಗ್ಗೆಯೇ ಹಳೆಯದನ್ನು ಇಟ್ಟುಕೊಳ್ಳಬೇಡ ಅಂತ ಬ್ರೌಸರಿನ ಒಂದು ಕಿಟಕಿಯಲ್ಲಿ ಟಿಕ್ ಹಾಕಿದ್ದಳು. ಆದರೆ ಆ ಕಿಟಕಿ ತೆರೆದಿರುವಷ್ಟು ಹೊತ್ತು ಮಾತ್ರ ಆ ಟಿಕ್ಕಿಗೆ ಬೆಲೆ. ಲ್ಯಾಪ್‌ಟಾಪಿನ ಪರದೆ ಚಿಕ್ಕದು, ಜಾಗ ಸಾಲದು ಅಂತ ಅವಸರದಲ್ಲಿ ಕಿಟಕಿ ಮುಚ್ಚಿಬಿಟ್ಟಿದ್ದಳು. ಅಲ್ಲಿಂದಾಚೆ ಅವಳ ಲ್ಯಾಪ್‌ಟಾಪು, ಟಿಕ್ಕೇ ಇರದ ಅವಳ ಫೋನು ಎರಡೂ ಜೋಪಾನವಾಗಿ ಎತ್ತಿಟ್ಟಿದ್ದ ಹಳೇ ಫೈಲನ್ನೇ ತೋರಿಸುತ್ತ ಕೂತಿದ್ದವು. ಆಸ್ಪತ್ರೆಯ ಕಂಪ್ಯೂಟರುಗಳಲ್ಲಿ ಹೀಗೆ ಎತ್ತಿಟ್ಟದ್ದೆಲ್ಲ ಆಗಾಗ ಅಳಿಸಿಹೋಗುತ್ತದೆ. ಅವಕ್ಕೆ ಪ್ರತಿ ಸಲವೂ ಹೊಸದು ಸಿಕ್ಕಿತ್ತು.

"ಅಂದ್ರೆ ನನ್ನ ಅಳತೆ ಪುಸ್ತಕ," ಅಂದೆ. ಹಳೇ ಗಿರಾಕಿ ಬಂದರೆ ನಾನು ಟೇಪು ಹಿಡಿಯುವುದಿಲ್ಲ. ಪುಸ್ತಕ ತೆಗೆದು, ಬರೆದಿಟ್ಟ ಅಳತೆಗೆ ಕತ್ತರಿ ಹಾಕುತ್ತೇನೆ. ಹೊಟ್ಟೆ ಬಂದಿದ್ದರೆ ಬಟ್ಟೆ ವಾಪಸು ಬರುತ್ತದೆ, ಬೈಗುಳದ ಸಮೇತ.

"ಅದೇ," ಅಂದಳು. ಅವತ್ತು ಮೊದಲ ಸಲ ನಕ್ಕಳು. ಹಳದಿ ತೆಗೆದು, ಅಕ್ಷರವನ್ನು ಇಪ್ಪತ್ತೆರಡಕ್ಕೆ ಇಳಿಸಿ, ಫೈಲಿನ ಹೆಸರಿನ ಬಾಲಕ್ಕೆ ಒಂದು ಹೊಸ ನಂಬರು ಸೇರಿಸಿದಳು. ಹೆಸರು ಹೊಸದಾದರೆ ಯಾವ ಬ್ರೌಸರೂ ಹಳೆಯದನ್ನು ತೋರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲವಂತೆ, ಹೋಗಿ ತರಲೇಬೇಕಂತೆ. ಸಿಸ್ಟರ್ ನೋಡಿ, ಈಗ ಎಲ್ಲರೂ ಚೆನ್ನಾಗಿ ಓದಬಹುದು, ಇದನ್ನು ಮುಟ್ಟಬೇಡಿ ಎಂದು ಕೈಮುಗಿಯುವ ದನಿಯಲ್ಲಿ ಹೇಳಿದರು. ಇವಳು ಊಟಕ್ಕೆ ತಟ್ಟೆ ಹಾಕಿದಳು.

ಆಗ ಅಪ್ಪ ಫೋನು ಹಿಡಿದುಕೊಂಡು ಬಂದರು.

"ಯಾಕಮ್ಮ ತೆಗೆದುಬಿಟ್ಟೆ? ಬುಧವಾರದ್ದು ನೋಡೋಣ ಅಂತ ತೆಗೆದೆ, ಹೋಗೇ ಬಿಟ್ಟಿದೆ."

"ಏನು ಮಾವ?"

"ಹಳದಿ ಮೇಲೆ ದಪ್ಪ ಕಪ್ಪು ಅಕ್ಷರ ಇತ್ತಲ್ಲ. ಬಸ್ಸಿನ ಬೋರ್ಡ್ ಇದ್ದಂಗಿತ್ತು. ಎಷ್ಟು ಚೆನ್ನಾಗಿ ಕಾಣ್ತಿತ್ತು."

ಅವರ ಫೋನಿನಲ್ಲಿ ಜಾಗವಿಲ್ಲ. ಏನನ್ನೂ ಎತ್ತಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಇವಳು ಕಳಿಸಿದ್ದೆಲ್ಲ ಅದಕ್ಕೆ ಆಗಿಂದಾಗಲೇ ತಲುಪಿತ್ತು. ಇವಳು ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಇಪ್ಪತ್ತೆರಡರ ಅಕ್ಷರ, ನನಗೆ ಕನ್ನಡಕವಿಲ್ಲದೆ ಕಾಣುತ್ತಿತ್ತು.

"ಮಾವ, ಇದು ಕಾಣಲ್ವಾ ನಿಮಗೆ?"

ಅಪ್ಪ ಫೋನನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ತಲೆ ಓರೆ ಮಾಡಿದರು. "ಏನೋ ಬರೆದಿದೆ ಅಂತ ಗೊತ್ತಾಗುತ್ತೆ," ಅಂದರು.

ಇವಳು ಕುರ್ಚಿ ಎಳೆದು ಅವರನ್ನು ಕೂರಿಸಿದಳು, ತಾನೂ ಎದುರಿಗೆ ಕೂತಳು. ಕೂತವಳು ಅಲುಗಾಡಲಿಲ್ಲ. ಅಪ್ಪನೇ ಹೇಳಿದರು. ಎಂಟು ತಿಂಗಳಾಯಿತಂತೆ. ಬಲಗಣ್ಣಿಗೆ ಬರೀ ಬೆಳಕು ಗೊತ್ತಾಗುತ್ತದೆ, ಎಡಗಣ್ಣಲ್ಲಿ ಕೊಳೆ ಗಾಜಿನ ಆಚೆ ನೋಡಿದ ಹಾಗೆ. ಪಟ್ಟಿಯನ್ನು ವಾರವಾರ ವ್ಯಾನಿನ ಡ್ರೈವರು ಓದಿ ಹೇಳುತ್ತಿದ್ದನಂತೆ. ಹೋದ ಸೋಮವಾರ ಅವನು ರಜೆಯಲ್ಲಿದ್ದ, ವ್ಯಾನಿಗೆ ಬೇರೆಯವನು ಬಂದಿದ್ದ. ಇವರು ಊಹಿಸಿಕೊಂಡು ಹೋಗಿದ್ದರು.

"ನಮಗೆ ಹೇಳಬಾರದಿತ್ತಾ ಅಪ್ಪ?" ಅಂದೆ. ಸಿಟ್ಟೇ ಬಂದಿತ್ತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ.

"ಡ್ರೈವರ್ ಕಣೋ ನಾನು. ಕಣ್ಣು ಹೋಯ್ತು ಅಂತ ಯಾವ ಬಾಯಲ್ಲಿ ಹೇಳಲಿ?"

ಇವಳು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಊಟ ಆರುತ್ತಿತ್ತು, ಒಮ್ಮೆಯೂ ಏಳಲಿಲ್ಲ. ಅರ್ಧ ಗಂಟೆಯಲ್ಲಿ ಪುಟದ ತಲೆಯ ಮೇಲೆ ಒಂದು ದೊಡ್ಡ ಹಳದಿ ಗುಂಡಿ ಬಂತು. ಒತ್ತಿದರೆ ಪುಟ ಪೂರ್ತಿ ಹಳದಿ, ಅಕ್ಷರ ನೂರಿಪ್ಪತ್ತು. ಹೆಸರು, ದಿನ, ಗಂಟೆ, ಮಿಷನ್ನು ಒಂದರ ಕೆಳಗೊಂದು, ತುಂಡಾಗದ ಹಾಗೆ. ಬೇಡದವರು ಒತ್ತದಿದ್ದರಾಯಿತು. ಈ ಸಲ ಬ್ರೌಸರಿನ ಆ ಕಿಟಕಿ ಮುಚ್ಚಲಿಲ್ಲ, ಬಾಲದ ನಂಬರು ಬದಲಾಯಿಸುವುದನ್ನೂ ಮರೆಯಲಿಲ್ಲ. ಅಪ್ಪನ ಬೆರಳು ಹಿಡಿದು ಗುಂಡಿ ಎಲ್ಲಿದೆ ಎಂದು ತೋರಿಸಿದಳು. ಕಣ್ಣಿನ ಡಾಕ್ಟರಿಗೆ ಫೋನು ಮಾಡಿ, ಮಂಗಳವಾರಕ್ಕೆ ಸಮಯ ತೆಗೆದುಕೊಂಡಳು.

"ಬುಧವಾರ, ಹತ್ತು ಗಂಟೆ. ಏಳನೇ ಮಿಷನ್ನು," ಎಂದು ಅಪ್ಪ ಓದಿದರು. ಇನ್ನೊಮ್ಮೆ ಓದಿದರು.

ನಾನು ಅಂಗಡಿಗೆ ಹೋಗಿ ಅಳತೆ ಪುಸ್ತಕ ತೆಗೆದೆ. ಅಪ್ಪ ಅನ್ನುವ ಹಾಳೆಯಲ್ಲಿ ಕಾಲರ್ ಹದಿನಾರು ಅಂತ ಇತ್ತು. ಬರೆದು ಏಳು ವರ್ಷವಾಗಿತ್ತು. ಅವರು ಡಯಾಲಿಸಿಸ್ ಶುರುಮಾಡಿದ ಮೇಲೂ ನಾಲ್ಕು ಶರ್ಟು ಹೊಲಿದುಕೊಟ್ಟಿದ್ದೇನೆ, ಎಲ್ಲ ಅದೇ ಅಳತೆಗೆ. ಒಂದೇ ಮನೆಯಲ್ಲಿದ್ದುಕೊಂಡು ಒಮ್ಮೆಯೂ ಟೇಪು ಹಿಡಿದಿರಲಿಲ್ಲ. ನಾಚಿಕೆಯಾಯಿತು.

"ಅಪ್ಪ, ಸ್ವಲ್ಪ ನಿಂತ್ಕೊಳ್ಳಿ," ಅಂದೆ.

ನಿಂತರು. ಕತ್ತಿನ ಸುತ್ತ ಟೇಪು ತಂದೆ. ಮೂಳೆ ಕೈಗೆ ಸಿಕ್ಕಿತು.

"ಎಷ್ಟು ಬಂತೋ?"

ಹದಿನಾರು ಅಂದುಬಿಡೋಣ ಅನ್ನಿಸಿತು. ಅನ್ನಲಿಲ್ಲ.

"ಹದಿನಾಲ್ಕು, ಅಪ್ಪ."

ಅವರು ಪುಸ್ತಕ ಇದ್ದ ಕಡೆಗೆ, ಸುಮಾರಾಗಿ ಆ ಕಡೆಗೆ, ಕೈ ತೋರಿಸಿದರು.

"ದೊಡ್ಡದಾಗಿ ಬರಿ," ಅಂದರು. "ನನಗೂ ಕಾಣಲಿ."