ಸ್ಟ್ಯಾಂಡಿಗೆ ಬಂದ ಹನ್ನೆರಡನೇ ಆಟೋ

ಹೋದ ತಿಂಗಳು ಒಂದು ಸೋಮವಾರ ಸಂಜೆ, ಮುಳಬಾಗಿಲಿನಲ್ಲಿ, ನನ್ನ ಬ್ಯಾಗು ಒಂದು ಆಟೋದಲ್ಲಿತ್ತು. ಊಟದ ಡಬ್ಬಿ ಇನ್ನೊಂದು ಆಟೋದಲ್ಲಿತ್ತು. ನಾನು ರಸ್ತೆ ಮೇಲಿದ್ದೆ.

ಡಬ್ಬಿ ಹಿಡಿದುಕೊಂಡವರು ಮುನಿಶಾಮಣ್ಣ. ಅರವತ್ತು ದಾಟಿದವರು, ದೇವರಾಯಸಮುದ್ರದ ಕಡೆ ಹೋಗುವ ಶೇರ್ ಆಟೋ ಸ್ಟ್ಯಾಂಡಿಗೆ ಹಿರಿಯರು. ಬ್ಯಾಗು ಎತ್ತಿಟ್ಟುಕೊಂಡವಳು ಗಂಗರತ್ನ. ಮೂವತ್ತೆರಡು ವರ್ಷದ ಹೆಣ್ಣುಮಗಳು, ಆಟೋ ಓಡಿಸಲು ಶುರುಮಾಡಿ ಬರೀ ಆರು ವಾರ.

"ಮೇಡಂ ನಮ್ ಪ್ಯಾಸೆಂಜರ್ ಕಣಮ್ಮ. ಎಂಟು ವರ್ಷದಿಂದ!" ಎಂದರು ಮುನಿಶಾಮಣ್ಣ.

"ಇವತ್ತು ಮೇಡಂ ನನ್ ಗ್ರೂಪಲ್ಲಿ ಮೆಸೇಜ್ ಹಾಕವ್ರೆ. ಬೇಕಾದ್ರೆ ನೋಡಣ್ಣ," ಎಂದು ಗಂಗರತ್ನ ಫೋನ್ ಚಾಚಿದಳು.

ಹೌದು, ಹಾಕಿದ್ದೆ. (ಆಗ ನನ್ನ ಮುಖ ಹೇಗಿತ್ತು ಎಂದು ದಯವಿಟ್ಟು ಕೇಳಬೇಡಿ.)

ತಮಾಷೆ ಏನು ಗೊತ್ತೇ? ಅದೇ ದಿನ ಬೆಳಿಗ್ಗೆ ಸೆಕೆಂಡ್ ಪಿಯುಸಿ ಮಕ್ಕಳಿಗೆ 'ಬಂಡವಾಳಶಾಹಿಗೆ ಪರ್ಯಾಯ ಇದೆಯೇ?' ಎಂದು ಮುಕ್ಕಾಲು ಗಂಟೆ ಪಾಠ ಮಾಡಿ ಬಂದಿದ್ದೆ. ಲಾಭ, ಪೈಪೋಟಿ, ಸಹಕಾರ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಗಂಟಲು ಒಣಗಿಸಿಕೊಂಡಿದ್ದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದ್ದು ಇಷ್ಟೇ: "ಮಿಸ್, ಇದು ಎಷ್ಟು ಮಾರ್ಕ್ಸ್‌ಗೆ ಬರುತ್ತೆ?"

ನನ್ನ ಮನೆ ದೇವರಾಯಸಮುದ್ರದಲ್ಲಿ, ಅರ್ಥಶಾಸ್ತ್ರ ಕಲಿಸುವುದು ಮುಳಬಾಗಿಲಿನಲ್ಲಿ. ಸ್ಕೂಟರ್ ಓಡಿಸಲು ಬರುವುದಿಲ್ಲ. ಹಾಗಾಗಿ ಶೇರ್ ಆಟೋವೇ ಗತಿ.

ಆ ಸ್ಟ್ಯಾಂಡಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಪ್ರೀತಿ. ಅಲ್ಲಿ ಹನ್ನೊಂದು ಆಟೋಗಳಿದ್ದವು. ಎಲ್ಲವೂ ಸೀರಿಯಲ್ ಪ್ರಕಾರ. ಮೊದಲು ಬಂದು ನಿಂತದ್ದಕ್ಕೆ ಮೊದಲ ಟ್ರಿಪ್, ಅದು ತುಂಬಿ ಹೊರಟ ಮೇಲೆ ಹಿಂದಿನದು. ಕೂಗಿ ಕರೆಯುವಂತಿಲ್ಲ. ಪಕ್ಕದವನ ಗಿರಾಕಿಗೆ ಕಣ್ಣು ಹಾಕುವಂತಿಲ್ಲ. ಯಾರಾದರೂ ಹುಷಾರಿಲ್ಲದೆ ಎರಡು ದಿನ ಮಲಗಿದರೂ ಜಾಗ ಎಲ್ಲೂ ಹೋಗುವುದಿಲ್ಲ. "ಪೈಪೋಟಿ ಇಲ್ಲದ ಅರ್ಥವ್ಯವಸ್ಥೆ ನೋಡಬೇಕಾದರೆ ಬಸ್ ಸ್ಟ್ಯಾಂಡ್ ಪಕ್ಕಕ್ಕೆ ಹೋಗಿ," ಎಂದು ಕ್ಲಾಸಿನಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ.

ತೊಂದರೆ ಒಂದೇ. ತುಂಬುವ ತನಕ ಆಟೋ ಅಲ್ಲಾಡುವುದಿಲ್ಲ. "ಇನ್ನೊಬ್ರು ಬಂದ್ರೆ ಹೊರಟೇಬಿಡೋದು ಮೇಡಂ!" ಆ ಇನ್ನೊಬ್ಬರಿಗಾಗಿ ಕಾದ ಹೊತ್ತಿನಲ್ಲಿ ನಾನು ಒಂದು ಪಿಎಚ್‌ಡಿ ಮುಗಿಸಬಹುದಿತ್ತು.

ಗಂಗರತ್ನ ಮೊದಲು ಮಾಲೂರಿನ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕತ್ತಲಿರುವಾಗಲೇ ಕಂಪನಿ ಬಸ್ಸು ಹತ್ತಬೇಕು, ಇಳಿಯುವಾಗಲೂ ಕತ್ತಲೇ. ಮಗಳು ಸ್ಕೂಲಿಂದ ಬರುವ ಹೊತ್ತಿಗೆ ಊರಿನಲ್ಲಿರಬೇಕು ಅನ್ನಿಸಿ ಕೆಲಸ ಬಿಟ್ಟಳು. ಅವಳ ಅಣ್ಣ ಟೆಂಪೋ ತೆಗೆದುಕೊಂಡಿದ್ದ, ಹಳೇ ಆಟೋವನ್ನು ತಂಗಿಗೆ ಕೊಟ್ಟ. ಕಲಿತು, ಲೈಸೆನ್ಸ್ ಮಾಡಿಸಿ, ಒಂದು ಸಂಜೆ ಸ್ಟ್ಯಾಂಡಿಗೆ ಬಂದು ನಿಂತಳು.

"ಸೀರಿಯಲ್ ಫುಲ್ ಆಗೈತಮ್ಮ," ಎಂದರು ಮುನಿಶಾಮಣ್ಣ. "ಹನ್ನೆರಡನೇದು ಬಂದ್ರೆ ಎಲ್ರ ಹೊಟ್ಟೆ ಮೇಲೆ ಹೊಡೆದಂಗೆ."

"ಅಲ್ಲಾ, ಹೆಂಗಸರು ಹೈವೇಲಿ ಓಡ್ಸಕಾಗ್ತೈತಾ?" ಎಂದು ಇನ್ನೊಬ್ಬ ಡ್ರೈವರ್ ರಾಗ ಎಳೆದ.

"ಅಣ್ಣ, ಓಡ್ಸೋರು ಗಂಡ್ಸಾ ಹೆಂಗ್ಸಾ ಅಂತ ಹೈವೇ ಕೇಳಲ್ಲ," ಎಂದು ಹೇಳಿ ಗಂಗರತ್ನ ಆಟೋ ತಿರುಗಿಸಿಕೊಂಡು ಹೋದಳು.

ಆಗ ನಾನೆಲ್ಲಿದ್ದೆ? ಅಲ್ಲೇ, ಮೊದಲ ಆಟೋದ ಹಿಂದಿನ ಸೀಟಿನಲ್ಲಿ, ಆ ಇನ್ನೊಬ್ಬರಿಗಾಗಿ ಕಾಯುತ್ತಾ. ಎಲ್ಲವನ್ನೂ ಕೇಳಿಸಿಕೊಂಡೆ. ಪುಸ್ತಕ ತೆರೆದು ಓದುವವಳಂತೆ ಕೂತೆ. ನನ್ನ ಪ್ರೀತಿಯ ಪೈಪೋಟಿ ಇಲ್ಲದ ವ್ಯವಸ್ಥೆಗೆ ಒಂದು ಬಾಗಿಲೂ ಇದೆ, ಅದು ಒಳಗಿನಿಂದ ಹಾಕಿಕೊಂಡಿದೆ ಎಂದು ಅವತ್ತೇ ಗೊತ್ತಾಯಿತು.

ಗಂಗರತ್ನ ಸುಮ್ಮನೆ ಕೂರಲಿಲ್ಲ. ವಾಟ್ಸಾಪಿನಲ್ಲಿ 'ಎಂಟೂಕಾಲು ಆಟೋ' ಎಂದು ಗ್ರೂಪ್ ಮಾಡಿದಳು. ಮೆಸೇಜ್ ಹಾಕಿದರೆ ಸಾಕು, ಮನೆ ಬಾಗಿಲಿಗೇ ಆಟೋ. ತುಂಬಲಿ ಬಿಡಲಿ, ಎಂಟೂಕಾಲಿಗೆ ಊರು ಬಿಡುತ್ತಿತ್ತು. ಸಂಜೆ ವಾಪಸ್ಸಿಗೂ ಹಾಗೇ, ಒಂದು ಮೆಸೇಜು. ಆಸ್ಪತ್ರೆ ನರ್ಸು ಸೇರಿದರು, ಬ್ಯಾಂಕಿನವರು ಸೇರಿದರು. ಸಹಕಾರದ ಬಗ್ಗೆ ಪಾಠ ಮಾಡುವ ಈ ಲೆಕ್ಚರರ್? ಎರಡನೇ ವಾರಕ್ಕೇ ಸೇರಿದ್ದೆ. ಆಹಾ, ಕಾಯದೆ ಹೊರಡುವ ಆಟೋದ ಗಾಳಿಯೇ ಬೇರೆ!

ಒಂದು ಆಟೋದಿಂದ ಹನ್ನೊಂದಕ್ಕೆ ಏನು ನಷ್ಟ ಅನ್ನುತ್ತೀರಾ? ಅದನ್ನು ನೋಡಿ ಸ್ಟ್ಯಾಂಡಿನ ಇಬ್ಬರು ಗುಟ್ಟಾಗಿ ತಮ್ಮದೇ ಗ್ರೂಪ್ ಶುರುಮಾಡಿದರು. ಮೂರನೆಯವನು ಮಾತಿಲ್ಲದೆ ಸೀರಿಯಲ್ ತಪ್ಪಿಸಿದ. ಇಷ್ಟು ವರ್ಷ ಒಂದೇ ಲೋಟದ ಟೀಯನ್ನು ಬೈಟು ಮಾಡಿಕೊಂಡು ಕುಡಿದವರು ಮುಖ ತಿರುಗಿಸತೊಡಗಿದರು. ಆ ಬಿಸಿಯಲ್ಲೇ ನನ್ನ ಬ್ಯಾಗು, ಡಬ್ಬಿಗಳು ಬೇರೆಬೇರೆಯಾದದ್ದು.

ಅವತ್ತು ಎರಡನ್ನೂ ಇಸಿದುಕೊಂಡು ಸರ್ಕಾರಿ ಬಸ್ಸು ಹತ್ತಿದೆ. ನಿಂತುಕೊಂಡೇ ಊರು ಸೇರಿದೆ. (ಮಿಶ್ರ ಅರ್ಥವ್ಯವಸ್ಥೆ ಎಂದು ಪುಸ್ತಕದಲ್ಲಿ ಬರೆದಿರುವುದು ಇದನ್ನೇ ಇರಬೇಕು.)

ಆ ಗುರುವಾರ ಎಂಟು ಗಂಟೆಗೆ ಗ್ರೂಪಿನಲ್ಲಿ ಮೆಸೇಜು: 'ಮಗಳಿಗೆ ಜ್ವರ. ಇವತ್ತು ಬರಲ್ಲ. ಸಾರಿ.' ಕೆಳಗೆ ಸಾಲುಸಾಲು ಉತ್ತರ. ಮೊದಲೇ ಹೇಳಬೇಕಿತ್ತು. ನಮಗೂ ಡ್ಯೂಟಿ ಇದೆ. ನಿಮ್ಮನ್ನು ನಂಬಿ ಕೆಟ್ಟೆವು. ಜ್ವರ ಎಷ್ಟಿದೆ ಎಂದು ಒಬ್ಬರೂ ಕೇಳಿರಲಿಲ್ಲ.

ನಾನು ಫೋನ್ ಮಾಡಿದೆ. ಮಗು ಮಲಗಿತ್ತು, ಜ್ವರ ಇಳಿಯುತ್ತಿತ್ತು. ಗಂಗರತ್ನಳ ದನಿಯೇ ಇಳಿದುಹೋಗಿತ್ತು.

"ಅಕ್ಕಾ, ಕಂಪನೀಲಾದ್ರೂ ಭಾನುವಾರ ರಜ ಇತ್ತು. ಈಗ ನಂಗೆ ನಾನೇ ಓನರು. ನನ್ನಷ್ಟು ಕೆಟ್ಟ ಓನರ್‌ನ ನಾನ್ ನೋಡೇ ಇಲ್ಲ," ಎಂದಳು. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಸಂಜೆ ಸೀದಾ ಮುನಿಶಾಮಣ್ಣನ ಹತ್ತಿರ ಹೋದೆ. "ಅಣ್ಣಾ, ಅವತ್ತು ಅವಳನ್ನ ವಾಪಸ್ ಕಳಿಸಿದಾಗ ನಾನು ಇಲ್ಲೇ ಇದ್ದೆ. ಮಾತಾಡಬೇಕಿತ್ತು, ಮಾತಾಡಲಿಲ್ಲ. ತಪ್ಪು ನನ್ನದೂ ಇದೆ. ಭಾನುವಾರ ಎಲ್ಲರೂ ಕೂತು ಮಾತಾಡೋಣ."

ಅವರು ಬೀಡಿ ಆರಿಸಿ ನನ್ನನ್ನೇ ನೋಡಿದರು. "ನೀವ್ ಯಾವ್ ಸೈಡು ಮೇಡಂ?"

"ಡಬ್ಬಿ ಸೈಡೂ ಹೌದು, ಬ್ಯಾಗ್ ಸೈಡೂ ಹೌದು."

ನಕ್ಕರು. ಅರ್ಧ ಕೆಲಸ ಆಯಿತು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಸ್ಟ್ಯಾಂಡಿನ ಎದುರಿನ ಟೀ ಅಂಗಡಿ ಮುಂದೆ ಹನ್ನೆರಡು ಆಟೋಗಳು ನಿಂತವು. ಮೊದಲ ಅರ್ಧ ಗಂಟೆ ಬರೀ ಕೂಗಾಟ. ಗುಟ್ಟಿನ ಗ್ರೂಪುಗಳು ಬಯಲಾದವು. 'ಏನ್ಲಾ, ನೀನೂನಾ?' ಎಂದು ಒಬ್ಬರನ್ನೊಬ್ಬರು ಬೈದುಕೊಂಡರು. ಬೈಗುಳ ಮುಗಿದ ಮೇಲೆ ಗಂಗರತ್ನ ಎದ್ದು ನಿಂತಳು.

"ನನ್ ಗ್ರೂಪನ್ನ ಸ್ಟ್ಯಾಂಡಿಗೇ ಕೊಟ್ಟುಬಿಡ್ತೀನಿ. ಯಾರೇ ಮೆಸೇಜ್ ಹಾಕ್ಲಿ, ಸೀರಿಯಲ್ಲಲ್ಲಿ ಮುಂದಿರೋರು ಹೋಗಿ. ಆದ್ರೆ ಎಂಟೂಕಾಲು ಅಂದ್ರೆ ಎಂಟೂಕಾಲೇ. ಒಂದ್ ಸೀಟು ಖಾಲಿ ಇದ್ರೂ ಹೊರಡ್ಬೇಕು. ನನ್ನ ಸೇರಿಸ್ಕೊಳ್ಳಿ." ಆಮೇಲೆ ಮೆಲ್ಲಗೆ ಸೇರಿಸಿದಳು, "ನನ್ನಾದ್ಮೇಲೆ ಮಾತ್ರ ಯಾರ್ನೂ ಬೇಡ."

ಟೀ ಅಂಗಡಿಯವನೂ ಸೇರಿದಂತೆ ಎಲ್ಲರೂ ಗೊಳ್ಳೆಂದು ನಕ್ಕರು. "ನೋಡಿ ಮೇಡಂ," ಎಂದರು ಮುನಿಶಾಮಣ್ಣ ಕಣ್ಣೊರೆಸಿಕೊಳ್ಳುತ್ತಾ, "ಇನ್ನೂ ಒಳಗೆ ಬಂದಿಲ್ಲ, ಆಗ್ಲೇ ಬಾಗ್ಲು ಹಾಕ್ತಾವ್ಳೆ!"

ಗಂಗರತ್ನ ನಾಲಿಗೆ ಕಚ್ಚಿಕೊಂಡಳು. ಆ ನಗುವಿನಲ್ಲೇ ಹೊಸಬರ ಪ್ರಶ್ನೆಯೂ ಬಗೆಹರಿಯಿತು: ಅವಳಾದ ಮೇಲೆ ಯಾರೇ ಬರಲಿ, ಮೂರು ತಿಂಗಳು ಜೊತೆಗೆ ಓಡಿಸಲಿ, ಆಮೇಲೆ ಸೀರಿಯಲ್. ಮುನಿಶಾಮಣ್ಣ ತಮ್ಮದೊಂದು ಷರತ್ತು ಹಾಕಿದರು. "ಫೋನಿಲ್ದೆ ಬಂದು ನಿಂತಿರೋ ಅಜ್ಜೀನ ಬಿಟ್ಟು ಹೋಗಂಗಿಲ್ಲ. ಆವಮ್ಮನಿಗೂ ಸೀಟು." ಗಂಗರತ್ನ ತಕ್ಷಣ ತಲೆಯಾಡಿಸಿದಳು. ಖುಷಿಯಾದರೆ ಮುನಿಶಾಮಣ್ಣನಿಗೆ ತೆಲುಗು ಬರುತ್ತದೆ. "ಸರೇ ಲೇಮ್ಮಾ, ರಾ!" (ಸರಿ ಬಿಡಮ್ಮ, ಬಾ!) ಎಂದು ತಮ್ಮ ಆಟೋವನ್ನು ಒಂದಿಷ್ಟು ಮುಂದಕ್ಕೆ ತಳ್ಳಿ ಅವಳಿಗೆ ಜಾಗ ಮಾಡಿದರು.

ಈಗ ಒಂದು ತಿಂಗಳಾಯಿತು. ಮುನಿಶಾಮಣ್ಣ ಟಚ್ ಫೋನ್ ಕೊಂಡಿದ್ದಾರೆ. 'ಬರ್ತಾ ಇದೀನಿ' ಎನ್ನುವ ಎರಡು ಪದಕ್ಕೆ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಅದರಲ್ಲಿ ಎರಡೂವರೆ ನಿಮಿಷ ಲಾರಿ ಹಾರನ್ನು. ಗಂಗರತ್ನ ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುತ್ತಾಳೆ. ಅವಳ ಜಾಗ ಎಲ್ಲೂ ಹೋಗುವುದಿಲ್ಲ.

ಬಂಡವಾಳಶಾಹಿ ಹೋಗುತ್ತದೋ ಇಲ್ಲವೋ, ನನಗಂತೂ ಗೊತ್ತಿಲ್ಲ. ಗಂಗರತ್ನ ಪೈಪೋಟಿಗೆ ಬೀಳದಿದ್ದರೆ ಆ ಸ್ಟ್ಯಾಂಡು ಇನ್ನೂ 'ಇನ್ನೊಬ್ರು ಬರ್ಲಿ' ಎಂದೇ ಕೂತಿರುತ್ತಿತ್ತು, ಅದು ನಿಜ. ಆದರೆ ಪೈಪೋಟಿಯೊಂದೇ ಉಳಿದಿದ್ದರೆ ಹನ್ನೆರಡು ಜನರಲ್ಲಿ ಒಬ್ಬರಿಗೂ ಜ್ವರ ಬರುವ ಹಕ್ಕಿರುತ್ತಿರಲಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದೆ. ಈ ಸಲ ಯಾರೂ ಮಾರ್ಕ್ಸ್ ಕೇಳಲಿಲ್ಲ. "ಆ ಅಕ್ಕನ ನಂಬರ್ ಕೊಡಿ ಮಿಸ್" ಎಂದರು.

ಮೊನ್ನೆ ಮಂಗಳವಾರ ಇಸ್ತ್ರಿ ಶರ್ಟಿನ ಒಬ್ಬರು ಸ್ಟ್ಯಾಂಡಿಗೆ ಬಂದರು. ಯಾವುದೋ ಹೊಸ ಆಪ್ ಕಂಪನಿಯ ಕಡೆಯವರಂತೆ. ತುಂಬ ವಿನಯದಿಂದ ವಿವರಿಸಿದರು: ನಿಮ್ಮ ಗ್ರೂಪನ್ನೆಲ್ಲ ನಮ್ಮ ಆಪಿಗೆ ಸೇರಿಸಿ, ಗಿರಾಕಿಗಳನ್ನು ನಾವೇ ಕೊಡುತ್ತೇವೆ, ಪ್ರತಿ ಟ್ರಿಪ್ಪಿಗೆ ನಮ್ಮ ಓನರಿಗೆ ಸ್ವಲ್ಪ ಕಮಿಷನ್, ಅಷ್ಟೇ.

ಮುನಿಶಾಮಣ್ಣ ಪೂರ್ತಿ ಕೇಳಿಸಿಕೊಂಡರು. ಅವರಿಗೊಂದು ಟೀ ಹೇಳಿದರು. ಆಮೇಲೆ ನಿಜವಾಗಿಯೂ ಗೊತ್ತಾಗದವರ ಹಾಗೆ ಕೇಳಿದರು:

"ಅಲ್ಲಾ ಸಾರ್, ನಿಮ್ ಓನರು ಸೀರಿಯಲ್ಲಲ್ಲಿ ಎಷ್ಟನೇವ್ರು?"