ರುಚಿ ನೋಡದೆ ಬೇಯಿಸಿದ ನಾಸಿ ಕೆಬುಲಿ

ನಾನು ಮಾಂಸ ತಿನ್ನುವವಳಲ್ಲ. ಆದರೂ ಆಡಿನ ಮಾಂಸ ಹಾಕಿ ಮಾಡುವ ಇಂಡೋನೇಷ್ಯಾದ ಮಸಾಲೆ ಅನ್ನ, ಅವರು ನಾಸಿ ಕೆಬುಲಿ ಎನ್ನುವುದು, ನನಗೆ ಚೆನ್ನಾಗಿ ಬರುತ್ತದೆ. ಈ ಮಾತು ಹೇಳಲು ನನಗೆ ಸಂಕೋಚವೇನಿಲ್ಲ.

ಅದನ್ನು ಮೊದಲು ನೋಡಿದ್ದು ಸಿಡ್ನಿಯಲ್ಲಿ. ಓದು ಮುಗಿಸಿ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಜಕಾರ್ತಾದ ಹೆಂಗಸೊಬ್ಬರ ಮನೆಯಲ್ಲಿ ಒಂದು ರೂಮು ರೆಂಟಿಗೆ ಸಿಕ್ಕಿತು. ಗಂಡ ತೀರಿಕೊಂಡಿದ್ದರು, ಮಗಳು ಮೆಲ್ಬರ್ನಿನಲ್ಲಿದ್ದಳು. ಅವರನ್ನು ನಾನು ತಾಂತೆ ಎಂದು ಕರೆಯುತ್ತಿದ್ದೆ. ನಾವು ಆಂಟಿ ಅನ್ನುವುದನ್ನು ಅವರ ಕಡೆ ಹಾಗೆ ಅನ್ನುತ್ತಾರೆ. ಒಂದು ಒಲೆಯ ಮೇಲೆ ನನ್ನ ಬೇಳೆ ಸಾರು, ಪಕ್ಕದ್ದರ ಮೇಲೆ ಅವರ ಮಾಂಸದ ಸಾರು. ಭಾನುವಾರ ಕೆಬುಲಿ ಮಾಡುವಾಗ ಸಣ್ಣ ಈರುಳ್ಳಿ ಹೆಚ್ಚಿ ಕೆಂಪಗೆ ಕರಿದುಕೊಡುವುದು ನನ್ನ ಪಾಲಿನ ಕೆಲಸ. ಬದಲಿಗೆ ನನಗೊಂದು ಬಟ್ಟಲು ಅನಾನಸ್ ಉಪ್ಪಿನಕಾಯಿ. ಲವಂಗ, ಚಕ್ಕೆ, ಜಾಕಾಯಿ, ಕೊತ್ತಂಬರಿ ಬೀಜ ಎಲ್ಲ ನಮ್ಮ ಡಬ್ಬಿಯವೇ. ಆದರೆ ಅವನ್ನು ನಿಂಬೆಹುಲ್ಲಿನ ಜೊತೆ ತುಪ್ಪದಲ್ಲಿ ಹುರಿದಾಗ ಬರುವ ವಾಸನೆ ಬೇರೆಯೇ. ಯಾವ ಘಟ್ಟದಲ್ಲಿ ಯಾವ ವಾಸನೆ ಎಂಬುದು ಆ ಮನೆಯಲ್ಲಿದ್ದಷ್ಟು ಕಾಲವೂ ನನ್ನ ಮೂಗಿಗೆ ಇಳಿಯುತ್ತಲೇ ಹೋಯಿತು.

ಆಮೇಲೆ ಕಾಯಂ ಆಗಿ ನೆಲೆಸಲು ಪಿಆರ್ ಬಂತು, ಮದುವೆಯಾಯಿತು, ಗಂಡನ ಕೆಲಸಕ್ಕಾಗಿ ಮೆಲ್ಬರ್ನಿಗೆ ಬಂದು ಟ್ರುಗನಿನಾದಲ್ಲಿ ಮನೆ ಮಾಡಿದೆವು. ತಾಂತೆಯ ಮಗಳು ನಮ್ಮಿಂದ ದೂರವೇನೂ ಅಲ್ಲದ ವಿಂಡಮ್ ವೇಲ್‌ನಲ್ಲಿ ಇದ್ದಳು. ಒಂದು ರಂಜಾನಿಗೆ ತಾಂತೆ ಮಗಳ ಮನೆಗೆ ಬಂದವರು ಬಾತ್‌ರೂಮಿನಲ್ಲಿ ಜಾರಿ ಬಲಗೈ ಮುರಿದುಕೊಂಡರು. ಆ ಶನಿವಾರ ಬೀಗರನ್ನೂ ನೆರೆಯವರನ್ನೂ ಇಫ್ತಾರಿಗೆ ಕರೆದಾಗಿತ್ತು. ಮಗಳು ನರ್ಸ್, ಅವತ್ತು ಸಂಜೆಯವರೆಗೆ ಡ್ಯೂಟಿ. ಹೋಟೆಲಿನಿಂದ ತರಿಸೋಣ ಎಂದಳಂತೆ. ತಾಂತೆ ಒಪ್ಪದೆ ನನಗೆ ಫೋನ್ ಮಾಡಿದರು.

“ನನ್ನ ಬಾಯಿ ಚೆನ್ನಾಗಿದೆ, ಹೇಳಿಕೊಡುತ್ತೇನೆ. ಕೈ ಮಾತ್ರ ನಿನ್ನದು ಬೇಕು,” ಅಂದರು.

ನಾನು ಬರುತ್ತೇನೆ ಎಂದುಬಿಟ್ಟೆ.

“ನೀನು ಮಟನ್ ಮುಟ್ತೀಯಾ? ಸೀರಿಯಸ್ಸಾಗಿ?” ಗಂಡ ಕೇಳಿದ.

“ಮುಟ್ತೀನಿ. ತಿನ್ನಲ್ಲ, ಅಷ್ಟೇ.”

“ನಿಮ್ಮಮ್ಮಂಗೆ ಹೇಳ್ಬೇಡ ಮತ್ತೆ.”

ಮುಚ್ಚಿಟ್ಟು ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆ ಸಂಜೆಯೇ ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು.

“ಅವ್ರು ಉಪವಾಸ ಇರ್ತಾರೇನೇ?”

“ಹ್ಞೂಂ. ಹೊತ್ತು ಮುಳುಗೋ ತನಕ ನೀರೂ ಕುಡಿಯಲ್ಲ.”

“ಉಪವಾಸ ಇದ್ದೋರಿಗೆ ಅಡಿಗೆ ಮಾಡಿ ಹಾಕಕ್ಕೆ ನನ್ನ ಕೇಳ್ಬೇಕಾ? ಮಾಡಿ ಬಾ. ಮನೆಗೆ ಬಂದು ತಲೆಗೆ ನೀರ್ ಹಾಕ್ಕೊ.”

ಶನಿವಾರ ಮಧ್ಯಾಹ್ನ ಇಡ್ಲಿ ಪಾತ್ರೆ ಹಿಡಿದುಕೊಂಡು ಹೋದೆ. ಕೆಬುಲಿಯ ಅನ್ನವನ್ನು ಮಾಂಸದ ಸಾರಿನಲ್ಲಿ ಅರ್ಧ ಬೇಯಿಸಿ, ಉಳಿದರ್ಧ ಹಬೆಯಲ್ಲಿ ಬೇಯಿಸುತ್ತಾರೆ. ಅಷ್ಟು ದೊಡ್ಡ ಹಬೆ ಪಾತ್ರೆ ಆ ಮನೆಯಲ್ಲಿರಲಿಲ್ಲ. ತಾಂತೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಪಕ್ಕ ಕುರ್ಚಿಯಲ್ಲಿ ಕೂತರು. ಮನೆಯಲ್ಲಿ ನಾವಿಬ್ಬರೇ.

ಮಾಂಸದ ತುಂಡುಗಳು ತಣ್ಣಗೆ, ಜಾರುತ್ತಿದ್ದವು. ಮೊದಲ ತುಂಡನ್ನು ಬೆರಳ ತುದಿಯಲ್ಲಿ ಹಿಡಿದು ತೊಳೆದೆ, ನಿಜ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದೂ ಒಂದು ಕೆಲಸವಾಯಿತು. ಶುಂಠಿ, ಚಕ್ಕೆ ಹಾಕಿ ಬೇಯಲಿಟ್ಟು ಮಸಾಲೆ ರುಬ್ಬಿ ತುಪ್ಪದಲ್ಲಿ ಹುರಿದೆ. “ಇನ್ನೂ ಹಸಿ ವಾಸನೆ,” ಎಂದು ತಾಂತೆ ಹೇಳುವ ಹೊತ್ತಿಗೆ ನಾನೂ ಅದನ್ನೇ ಹೇಳಲು ಹೊರಟಿದ್ದೆ.

ತೊಡಕು ಬಂದದ್ದು ಉಪ್ಪಿಗೆ. ನಾನು ತಿನ್ನುವುದಿಲ್ಲ, ಅವರು ಉಪವಾಸ.

“ಅಡಿಗೆ ಮಾಡುವವರು ನಾಲಿಗೆ ತುದಿಗೆ ಮುಟ್ಟಿಸಿ ಉಗುಳಬಹುದು, ತಪ್ಪಿಲ್ಲ. ನಮ್ಮಮ್ಮ ಮುಟ್ಟಿಸುತ್ತಿರಲಿಲ್ಲ, ನಾನೂ ಇಲ್ಲ,” ಅಂದರು ತಾಂತೆ.

“ನಮ್ಮ ಮನೆಯಲ್ಲೂ ಹಬ್ಬದ ದಿನ ದೇವರಿಗೆ ಎಡೆ ಹಿಡಿಯುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ. ಹೋಳಿಗೆ ಸಾರಿಗೆ ಉಪ್ಪು ಹಾಕುವುದು ಅಂದಾಜಿನಲ್ಲೇ,” ಅಂದೆ.

ತಾಂತೆಗೆ ಅದು ಹೊಸ ವಿಷಯ. ಎಡೆಯಾದ ಮೇಲೆ ಉಪ್ಪು ಕಡಿಮೆ ಅಂತ ಗೊತ್ತಾದರೆ ಏನು ಮಾಡುತ್ತೀರಿ ಎಂದು ಕೇಳಿದರು. ಎಲೆ ತುದಿಗೆ ಬಡಿಸಿದ ಉಪ್ಪು ಇರುತ್ತದಲ್ಲ ಎಂದೆ. ಜೋರಾಗಿ ನಕ್ಕರು.

ಅಕ್ಕಿ ಹಾಕುವ ಮುಂಚೆ ಮಾತ್ರ ನಮ್ಮ ಲೆಕ್ಕ ಕೂಡಲಿಲ್ಲ.

“ಇನ್ನೊಂದು ಚಮಚ ಹಾಕು. ಅಕ್ಕಿ ಉಪ್ಪು ಎಳೆಯುತ್ತದೆ,” ಅಂದರು.

ನಾನು ಪಾತ್ರೆಯೊಳಗೆ ನೋಡಿದೆ. ಈ ಮನೆಯ ಒಲೆಯ ಉರಿ ಸಿಡ್ನಿಯದಕ್ಕಿಂತ ಜೋರು. ಸಾರು ಎಂದಿನದಕ್ಕಿಂತ ಹೆಚ್ಚು ಇಂಗಿತ್ತು.

“ಬೇಡ ತಾಂತೆ. ಸಾರು ಇಂಗಿದೆ. ಇರುವುದೇ ಸಾಕು.”

“ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ.”

“ಗೊತ್ತು. ಆದರೂ ಸಾಕು.”

ಅವರು ನನ್ನನ್ನೇ ನೋಡಿದರು. “ಸಿಡ್ನಿಯಲ್ಲಿ ನೀನು ಹೀಗೆ ಮಾತಾಡುತ್ತಿರಲಿಲ್ಲ.”

“ಅಲ್ಲಿ ಸೌಟು ನಿಮ್ಮ ಕೈಯಲ್ಲಿತ್ತು,” ಎಂದು ಹೇಳಿ ಅಕ್ಕಿ ಸುರಿದೆ.

ಆಮೇಲೆ ಅವರು ಕಿಟಕಿ ಕಡೆ ತಿರುಗಿ ಕೂತರು. ಮುನಿಸೋ ಆಯಾಸವೋ ತಿಳಿಯಲಿಲ್ಲ. ನಾನು ಅನ್ನವನ್ನು ಹಬೆಗಿಟ್ಟೆ, ದ್ರಾಕ್ಷಿ ಹುರಿದೆ, ಅನಾನಸ್ ಹೆಚ್ಚಿದೆ. ನನಗೂ ಗಂಡನಿಗೂ ಅದೇ ಮಸಾಲೆಯಲ್ಲಿ, ತೆಂಗಿನ ಹಾಲು ಹಾಕಿ ಬೇರೆ ಪಾತ್ರೆಯಲ್ಲಿ ಅನ್ನ ಮಾಡಿಕೊಂಡೆ. ಉಪ್ಪಿನ ಬಗ್ಗೆ ನನ್ನ ಮನಸ್ಸಿನಲ್ಲಿ ಅನುಮಾನವಿರಲಿಲ್ಲ. ಇದ್ದದ್ದು ಕಾತರ.

ಹೊತ್ತು ಮುಳುಗುವಷ್ಟರಲ್ಲಿ ಮನೆ ತುಂಬಿತು. ಮೊದಲು ಖರ್ಜೂರ, ನೀರು, ಆಮೇಲೆ ನಮಾಜು. ಎಲ್ಲರೂ ತಟ್ಟೆಗೆ ಕೂತರು. ಡ್ಯೂಟಿಯಿಂದ ಆಗಷ್ಟೇ ಬಂದಿದ್ದ ಮಗಳು ಅಮ್ಮನ ಪಕ್ಕ ಕೂತು ಮೊದಲ ತುತ್ತನ್ನು ಅವರ ಬಾಯಿಗಿಟ್ಟಳು. ತಾಂತೆ ನಿಧಾನವಾಗಿ ಅಗಿದು, ತಮ್ಮ ಭಾಷೆಯಲ್ಲಿ ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಗಳಿಗೆ ನಗು ತಡೆಯಲಾಗಲಿಲ್ಲ.

“ಮಾಂಸ ಇನ್ನೂ ಸ್ವಲ್ಪ ಬೇಯಬೇಕಿತ್ತಂತೆ,” ಎಂದಳು ನನಗೆ. “ಉಪ್ಪು ಸರಿಯಾಗಿದೆಯಂತೆ. ಅದನ್ನು ನಿಮಗೆ ಹೇಳಬಾರದಂತೆ.”

ತಾಂತೆ ನನ್ನ ಕಡೆ ನೋಡದೆ ಮತ್ತೆ ಬಾಯಿ ತೆರೆದರು. ಬೀಗರು ಎರಡನೇ ಸಲ ಬಡಿಸಿಕೊಂಡರು. ಪಾತ್ರೆಯ ತಳಕ್ಕೆ ಹತ್ತಿದ ಅನ್ನಕ್ಕೆ ನೆರೆಯ ಹೆಂಗಸರಲ್ಲಿ ಪೈಪೋಟಿ ನಡೆಯಿತು.

ಈಗ ಪ್ರತಿ ರಂಜಾನಿನಲ್ಲೂ ಒಂದು ಶನಿವಾರ ಆ ಮನೆಯ ಅಡಿಗೆ ನನ್ನದು. ಮಾಂಸವನ್ನು ಚೆನ್ನಾಗಿ ಬೇಯಲು ಬಿಡುತ್ತೇನೆ. ಹೋದ ಸಲ ಹೊಸದಾಗಿ ಬಂದ ನೆರೆಯವರೊಬ್ಬರು, “ಇದರಲ್ಲಿ ನಿಮಗೆ ಯಾವುದು ಹೆಚ್ಚು ಇಷ್ಟ, ಅನ್ನವೋ ಮಾಂಸವೋ?” ಎಂದು ಕೇಳಿದರು. ತಿಂದಿಲ್ಲ, ಗೊತ್ತಿಲ್ಲ ಎಂದೆ. ತಮಾಷೆ ಎಂದುಕೊಂಡರು. ತಾಂತೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈ ಮುರಿದದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳತೊಡಗಿದರು.